ಒಲೆ ಹಚ್ಚದ ನಿಂಬೆ ಪೈ ಹದ ತಪ್ಪಿದಾಗ: ದೋಷ ಪತ್ತೆ ಮತ್ತು ಪರಿಹಾರ

ರಾತ್ರಿಯಿಡೀ ಫ್ರೀಜರ್‌ನಲ್ಲಿದ್ದ ನಿಂಬೆ ಪೈ ಬೆಳಿಗ್ಗೆ ಪಾಯಸದ ಹಾಗೆ ಹರಿಯುತ್ತದೆ. ಇಲ್ಲವೇ ಕಲ್ಲಾಗಿ ಚಾಕು ಇಳಿಯುವುದಿಲ್ಲ. ಇಲ್ಲವೇ ನೋಡಲು ಚೆಂದವಾಗಿದೆ, ಎರಡನೇ ಚಮಚಕ್ಕೆ ಗಂಟಲಲ್ಲಿ ಕಹಿ ನಿಲ್ಲುತ್ತದೆ. ಮೂರಕ್ಕೂ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಇನ್ನಷ್ಟು ಹೊತ್ತು ಫ್ರೀಜರ್‌ನಲ್ಲಿಡಿ, ಇನ್ನಷ್ಟು ಸಕ್ಕರೆ ಹಾಕಿ. ಹೆಚ್ಚಿನ ಸಲ ಈ ಎರಡರಿಂದ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ.

ಈ ಪೈಗೆ ಒಲೆ ಬೇಡ, ಮೊಟ್ಟೆ ಬೇಡ, ಗಟ್ಟಿ ಮಾಡಲು ಹಾಕುವ ಪ್ರಾಣಿಮೂಲದ ಜೆಲಟಿನ್ ಬೇಡ. ಅದನ್ನು ಹಿಡಿದು ನಿಲ್ಲಿಸುವುದು ಮೂರೇ ಸಂಗತಿ. ನಿಂಬೆಯ ಹುಳಿ ಕಂಡೆನ್ಸ್ಡ್ ಹಾಲನ್ನು ಗಟ್ಟಿ ಮಾಡುತ್ತದೆ. ಕೆನೆಯ ಕೊಬ್ಬು ಗಾಳಿಯನ್ನು ಹಿಡಿದಿಡುತ್ತದೆ. ಫ್ರೀಜರ್‌ನ ತಂಪು ಈ ಎರಡನ್ನೂ ಬಿಗಿಯುತ್ತದೆ. ಹೂರಣದ ಹದ ಕೆಟ್ಟಿದೆ ಎಂದರೆ ಇವುಗಳಲ್ಲಿ ಒಂದು ಕೈಕೊಟ್ಟಿದೆ ಎಂದೇ ಅರ್ಥ. ಯಾವುದು ಎಂದು ಗೊತ್ತಾಗುವ ತನಕ ಅಳತೆಗೆ ಕೈ ಹಚ್ಚಬೇಡಿ.

ಹೋಲಿಸಿ ನೋಡಲು ಸರಿಯಾದ ಅಳತೆ

ತಪ್ಪು ಹುಡುಕಲು ಮೊದಲು ಸರಿ ಯಾವುದು ಎಂದು ತಿಳಿದಿರಬೇಕು. 23 ಸೆಂ.ಮೀ., ಅಂದರೆ 9 ಇಂಚಿನ ಒಂದು ತಟ್ಟೆಗೆ:

ಬುಡಕ್ಕೆ 200 ಗ್ರಾಂ ಬಿಸ್ಕತ್ತಿನ ಪುಡಿ, 100 ಗ್ರಾಂ ಕರಗಿಸಿದ ಬೆಣ್ಣೆ. ಡೈಜೆಸ್ಟಿವ್ ಬಿಸ್ಕತ್ತಾದರೆ 85 ಗ್ರಾಂ ಬೆಣ್ಣೆ ಸಾಕು, ಅದರಲ್ಲೇ ಕೊಬ್ಬಿನಂಶ ಹೆಚ್ಚಿದೆ. ಮಾರಿ ಬಿಸ್ಕತ್ತಿಗೆ ಪೂರ್ತಿ 100 ಬೇಕು, ಜೊತೆಗೆ ಒಂದು ದೊಡ್ಡ ಚಮಚ ಸಕ್ಕರೆ.

ಹೂರಣಕ್ಕೆ 400 ಗ್ರಾಂ ಸಿಹಿ ಕಂಡೆನ್ಸ್ಡ್ ಹಾಲು, ನಮ್ಮ ನಿಂಬೆಯಾದರೆ 100 ಮಿ.ಲೀ. ರಸ, ಹಳದಿಯ ದೊಡ್ಡ ಲೆಮನ್ ಆದರೆ 120 ಮಿ.ಲೀ. ನಾಲ್ಕು ನಿಂಬೆಯ ಅಥವಾ ಎರಡು ಲೆಮನ್‌ನ ತುರಿದ ಸಿಪ್ಪೆ. 250 ಮಿ.ಲೀ. ವಿಪ್ಪಿಂಗ್ ಕ್ರೀಮ್, ಕೊಬ್ಬು ಶೇ. 30ಕ್ಕಿಂತ ಕಡಿಮೆ ಇರಬಾರದು. ಒಂದು ಚಿಟಿಕೆ ಉಪ್ಪು.

ಪುಡಿ ಮತ್ತು ಬೆಣ್ಣೆ ಕಲಸಿ ತಟ್ಟೆಗೆ ಒತ್ತಿ 20 ನಿಮಿಷ ಫ್ರೀಜರ್‌ಗೆ. ಅಷ್ಟರಲ್ಲಿ ಕಂಡೆನ್ಸ್ಡ್ ಹಾಲಿಗೆ ಸಿಪ್ಪೆ, ಉಪ್ಪು ಸೇರಿಸಿ, ರಸವನ್ನು ಮೂರು ಕಂತಿನಲ್ಲಿ ಕಲಸಿ 5 ನಿಮಿಷ ಬಿಡಿ. ಬೇರೆ ಪಾತ್ರೆಯಲ್ಲಿ ಕೆನೆಯನ್ನು ನೊರೆಯಾಗಿ ಕಡೆದು, ಮೂರು ಭಾಗ ಮಾಡಿ ಹಗುರವಾಗಿ ಸೇರಿಸಿ. ಬುಡದ ಮೇಲೆ ಸುರಿದು, ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಕನಿಷ್ಠ 6 ಗಂಟೆ. ಇಷ್ಟೇ ಕೆಲಸ.

ಇದರ ಬಣ್ಣ ತೆಳು ಕೆನೆಬಣ್ಣ. ಅಂಗಡಿಯ ಚಿತ್ರದ ಹಾಗೆ ಹಳದಿಯಾಗಿಲ್ಲ ಎಂಬುದು ದೋಷವಲ್ಲ. ಹಳದಿಯಾಗಿ ಕಾಣುವ ಪೈಗಳಲ್ಲಿ ಮೊಟ್ಟೆಯ ಹಳದಿಯೋ ಬಣ್ಣವೋ ಇರುತ್ತದೆ.

ನಿಂಬೆಯೋ ಲೆಮನ್ನೋ: ಮೊದಲ ಎಡವಟ್ಟು ಇಲ್ಲೇ

ಈ ತಿನಿಸು ಅಮೆರಿಕದ ದಕ್ಷಿಣ ರಾಜ್ಯಗಳ ಬೇಸಿಗೆಯ ತಿನಿಸು. ಕರೆಂಟಿನ ಫ್ರಿಜ್ ಬರುವ ಮುಂಚೆ ಐಸ್ ಗಡ್ಡೆ ತುಂಬಿದ ಮರದ ಪೆಟ್ಟಿಗೆಯಲ್ಲಿಟ್ಟು ತಣಿಸುತ್ತಿದ್ದುದರಿಂದ ಅಲ್ಲಿ ಇದಕ್ಕೆ ಐಸ್‌ಬಾಕ್ಸ್ ಪೈ ಎಂಬ ಹೆಸರು. ಗೇಲ್ ಬೋರ್ಡನ್ 1856ರಲ್ಲಿ ಕಂಡೆನ್ಸ್ಡ್ ಹಾಲಿಗೆ ಪೇಟೆಂಟ್ ಪಡೆದ. ಕೆಡದೆ ಉಳಿಯುವ ಆ ಡಬ್ಬಿ ಹಾಲೇ ಈ ಪೈಗಳಿಗೆಲ್ಲ ಮೂಲ. ಇದರ ಹತ್ತಿರದ ನೆಂಟ ಫ್ಲಾರಿಡಾದ ಕೀ ಲೈಮ್ ಪೈ. 2006ರಿಂದ ಅದು ಆ ರಾಜ್ಯದ ಅಧಿಕೃತ ಪೈ. ಆ ಕೀ ಲೈಮ್ ಎಂಬುದು ನಮ್ಮ ಸಂತೆಯ ತೆಳು ಸಿಪ್ಪೆಯ ನಿಂಬೆಯದೇ ಜಾತಿ, ಸಸ್ಯಶಾಸ್ತ್ರದ ಹೆಸರೂ ಒಂದೇ: ಸಿಟ್ರಸ್ ಔರಾಂಟಿಫೋಲಿಯಾ. ವಿಜಯಪುರದ ಇಂಡಿ ಸೀಮೆಯಲ್ಲಿ ಬೆಳೆಯುವ ಲಿಂಬೆ ಈ ಬಳಗದ್ದೇ.

ಈ ನಿಂಬೆಗೆ ಲೆಮನ್‌ಗಿಂತ ಹುಳಿ ಹೆಚ್ಚು. ಹಾಗಾಗಿ ಅಮೆರಿಕದ ಲೆಮನ್ ಪೈ ಅಳತೆಗೆ ನಮ್ಮ ನಿಂಬೆರಸವನ್ನು ಹಾಗೆಯೇ ಹಾಕಿದರೆ ಹುಳಿ ಮಿತಿಮೀರುತ್ತದೆ. ‘4 ಲೆಮನ್’ ಎಂದು ಓದಿ 4 ನಿಂಬೆ ಹಿಂಡಿದರೆ ಅದಕ್ಕೆ ತದ್ವಿರುದ್ಧದ ತಪ್ಪಾಗುತ್ತದೆ. ಒಂದು ಹಳದಿ ಲೆಮನ್ 40 ಮಿ.ಲೀ. ಆಸುಪಾಸು ರಸ ಕೊಟ್ಟರೆ, ನಮ್ಮ ನಿಂಬೆ ಕೊಡುವುದು 10ರಿಂದ 15. ಬಿರುಬೇಸಿಗೆಯಲ್ಲಿ ಬರುವ ಗಟ್ಟಿ ಸಿಪ್ಪೆಯ ಸಣ್ಣ ಕಾಯಿ ಅಷ್ಟೂ ಕೊಡುವುದಿಲ್ಲ. ಹಣ್ಣನ್ನು ಎಣಿಸಬೇಡಿ, ರಸವನ್ನು ಅಳೆಯಿರಿ.

ಹೂರಣ ಗಟ್ಟಿಯಾಗುತ್ತಿಲ್ಲ

ಇದನ್ನು ಫ್ರೀಜರ್‌ಗೆ ಇಡುವ ಮೊದಲೇ ಪತ್ತೆ ಮಾಡಬಹುದು, ಮಾಡಲೇಬೇಕು. ಹಾಲಿನ ಕೇಸಿನ್ ಎಂಬ ಪ್ರೋಟೀನಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಹುಳಿ ಏರಿದಂತೆ ಆ ತಳ್ಳಾಟ ಕಡಿಮೆಯಾಗಿ, ಪಿಎಚ್ (ಹುಳಿಯ ಅಳತೆ, ಹುಳಿ ಏರಿದಂತೆ ಇಳಿಯುತ್ತದೆ) 4.6ರ ಹತ್ತಿರ ಬಂದಾಗ ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತವೆ. ಹಾಲು ಮೊಸರಾಗುವುದೂ ಹೀಗೆಯೇ. ಕಂಡೆನ್ಸ್ಡ್ ಹಾಲಿನಲ್ಲಿ ಸುಮಾರು ಶೇ. 45ರಷ್ಟು ಸಕ್ಕರೆ ಇರುವುದರಿಂದ ಅದು ಒಡೆದು ನೀರು ಬಿಡದೆ ನುಣ್ಣಗೆ ಗಟ್ಟಿಯಾಗುತ್ತದೆ.

ರಸ ಕಲಸಿ 5 ನಿಮಿಷ ಬಿಟ್ಟು ಚಮಚದಲ್ಲಿ ಎತ್ತಿ ಸುರಿದು ನೋಡಿ. ಇಡ್ಲಿ ಹಿಟ್ಟಿನ ಹಾಗೆ ಬಿದ್ದು, ಬಿದ್ದ ಗೆರೆ ಮೂರ್ನಾಲ್ಕು ಸೆಕೆಂಡ್ ಮೇಲೆ ನಿಂತರೆ ಸರಿ. ನೀರು ದೋಸೆಯ ಹಿಟ್ಟಿನ ಹಾಗೆ ಹರಿದು ಗೆರೆ ತಕ್ಷಣ ಮುಳುಗಿದರೆ ಮುಂದಕ್ಕೆ ಹೋಗಬೇಡಿ.

ರಸ ಅಳೆಯದೆ ಹಾಕಿದ್ದರೆ ಕಡಿಮೆಯಾಗಿರುವ ಸಂಭವವೇ ಹೆಚ್ಚು. ಒಂದು ದೊಡ್ಡ ಚಮಚ ರಸ ಸೇರಿಸಿ ಮತ್ತೆ 5 ನಿಮಿಷ ನೋಡಿ. ರಸ ಸರಿಯಿದ್ದೂ ನೀರಾಗಿದ್ದರೆ ಹಾಲಿನ ಡಬ್ಬಿ ತಿರುಗಿಸಿ ಓದಿ. ಹೊರದೇಶದ ಅಂಗಡಿಗಳಲ್ಲಿ ಇವ್ಯಾಪೊರೇಟೆಡ್ ಹಾಲಿನ ಡಬ್ಬಿಯೂ ಅದೇ ಅಟ್ಟದಲ್ಲಿ, ಅದೇ ಅಳತೆಯಲ್ಲಿ ಇರುತ್ತದೆ. ಅದರಲ್ಲಿ ಸೇರಿಸಿದ ಸಕ್ಕರೆ ಇಲ್ಲ, ನೀರಿನಂಶ ಬಹಳ. ಅದನ್ನು ಹಾಕಿದ್ದರೆ ಈ ಪೈಗೆ ಪರಿಹಾರವಿಲ್ಲ. ಮನೆಯಲ್ಲೇ ಹಾಲು ಕುದಿಸಿ ಮಾಡಿದ ಕಂಡೆನ್ಸ್ಡ್ ಹಾಲು ಕೂಡ ಪೂರ್ತಿ ಇಂಗಿರದಿದ್ದರೆ ಹೀಗೇ ಆಗುತ್ತದೆ. ಒಂದು ಲೀಟರ್ ಹಾಲಿಗೆ 180ರಿಂದ 200 ಗ್ರಾಂ ಸಕ್ಕರೆ ಹಾಕಿ 400 ಗ್ರಾಂಗೆ ಇಳಿದಿದೆಯೇ ಎಂದು ತೂಗಿ ನೋಡಬೇಕು, ಕಣ್ಣಂದಾಜು ಸಾಲದು.

ತೆಂಗಿನ ಹಾಲಿನ ಕಂಡೆನ್ಸ್ಡ್ ಬಳಸುವವರು ಇದೊಂದನ್ನು ತಿಳಿದಿರಬೇಕು: ಅದರಲ್ಲಿ ಕೇಸಿನ್ ಇಲ್ಲ, ಹುಳಿಗೆ ಅದು ಗಟ್ಟಿಯಾಗುವುದೇ ಇಲ್ಲ. ಎಷ್ಟು ನಿಂಬೆ ಹಿಂಡಿದರೂ ತೆಳುವಾಗುತ್ತಲೇ ಹೋಗುತ್ತದೆ. ಅಂಥ ಪೈ ನಿಲ್ಲುವುದು ತಂಪಿನ ಮತ್ತು ತೆಂಗಿನ ಕೊಬ್ಬಿನ ಬಲದಿಂದ ಮಾತ್ರ. ಆದ್ದರಿಂದ ರಸ 80 ಮಿ.ಲೀ. ಸಾಕು, ಮತ್ತು ತಿನ್ನುವ ಹೊತ್ತಿನವರೆಗೂ ಫ್ರೀಜರ್‌ನಲ್ಲೇ ಇರಬೇಕು.

ಕೆನೆ ನೊರೆ ಕಟ್ಟುತ್ತಿಲ್ಲ

ನಮ್ಮ ಊರುಗಳಲ್ಲಿ ಈ ಪೈ ಕೆಡಲು ಇದೇ ಮೊದಲ ಕಾರಣ. ಕಿರಾಣಿ ಅಂಗಡಿಯ ಫ್ರೆಶ್ ಕ್ರೀಮ್ ಪೊಟ್ಟಣದಲ್ಲಿ ಸಾಮಾನ್ಯವಾಗಿ ಶೇ. 25 ಕೊಬ್ಬು. ಗಾಳಿಯ ಗುಳ್ಳೆಯ ಸುತ್ತ ಗೋಡೆ ಕಟ್ಟಲು ಅಷ್ಟು ಕೊಬ್ಬು ಸಾಲದು. ಅರ್ಧ ಗಂಟೆ ಕಡೆದರೂ ತುಸು ದಪ್ಪವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಪೊಟ್ಟಣದ ಮೇಲೆ ಶೇ. 30 ಅಥವಾ ಹೆಚ್ಚು ಎಂದಿರುವ ವಿಪ್ಪಿಂಗ್ ಕ್ರೀಮನ್ನೇ ತನ್ನಿ. ಸಿಕ್ಕಿದ್ದು 25ರದ್ದೇ ಆದರೆ ರಾತ್ರಿ ಫ್ರಿಜ್‌ನಲ್ಲಿಟ್ಟು, ಅಲುಗಾಡಿಸದೆ ಕತ್ತರಿಸಿ, ಮೇಲೆ ಕೂತ ಗಟ್ಟಿ ಕೆನೆಯನ್ನಷ್ಟೇ ತೆಗೆದುಕೊಂಡು ತಳದ ತಿಳಿಯನ್ನು ಬಿಡಿ. ನೊರೆ ಬರುವುದಿಲ್ಲ, ಪೈ ಕುಲ್ಫಿಯಂತೆ ಒತ್ತಾಗಿರುತ್ತದೆ. ಅದೂ ರುಚಿಯೇ, ಆದರೆ ಬೇರೆ ತಿನಿಸು.

ಕೊಬ್ಬು ಸರಿಯಿದ್ದೂ ನೊರೆ ಬರದಿದ್ದರೆ ಬಿಸಿಯೇ ಕಾರಣ. ಕೆನೆ 10 ಡಿಗ್ರಿ ದಾಟಿದರೆ ಕೊಬ್ಬು ಮೆತ್ತಗಾಗಿ ಗುಳ್ಳೆ ಒಡೆಯುತ್ತದೆ. ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿ ಬೀಟರ್ ಓಡಿಸುವಷ್ಟರಲ್ಲೇ ಕೆನೆ ಬಿಸಿಯಾಗಿಬಿಡುತ್ತದೆ. ಸ್ಟೀಲ್ ಪಾತ್ರೆ ಮತ್ತು ಬೀಟರ್‌ನ ಕಡ್ಡಿಗಳನ್ನು 15 ನಿಮಿಷ ಫ್ರೀಜರ್‌ನಲ್ಲಿಡಿ, ಪಾತ್ರೆಯನ್ನು ಐಸ್ ತುಂಬಿದ ಬೋಗುಣಿಯಲ್ಲಿ ಕೂರಿಸಿ ಕಡೆಯಿರಿ.

ಎಲ್ಲಿ ನಿಲ್ಲಿಸಬೇಕು? ಬೀಟರ್ ಮೇಲೆತ್ತಿದಾಗ ಕೆನೆಯ ತುದಿ ಗಿಳಿಯ ಕೊಕ್ಕಿನ ಹಾಗೆ ಬಾಗಿ ನಿಲ್ಲಬೇಕು. ನೆಟ್ಟಗೆ ನಿಂತರೆ ತುಸು ಹೆಚ್ಚಾಯಿತು. ಮೇಲ್ಮೈ ಒರಟಾಗಿ ಹಳದಿ ಛಾಯೆ ಬಂದರೆ ಬೆಣ್ಣೆ ಕಟ್ಟುವ ಹೊಸ್ತಿಲಲ್ಲಿದೆ. ಅಲ್ಲಿ ಮೂರು ದೊಡ್ಡ ಚಮಚ ತಣ್ಣನೆ ದ್ರವ ಕೆನೆ ಸುರಿದು ಕೈಯಿಂದ ಮೆಲ್ಲಗೆ ತಿರುವಿದರೆ ವಾಪಸು ಬರುತ್ತದೆ. ಮಜ್ಜಿಗೆ ಬೇರೆಯಾಗಿಬಿಟ್ಟಿದ್ದರೆ ಅದನ್ನು ಪೂರ್ತಿ ಬೆಣ್ಣೆ ಮಾಡಿ ರೊಟ್ಟಿಗೆ ಹಚ್ಚಿ, ಪೈಗೆ ಹೊಸ ಕೆನೆ ತೆರೆಯಿರಿ.

ಬೇಕರಿಯವರು ಬಳಸುವ ಸಸ್ಯಕೊಬ್ಬಿನ ವಿಪ್ಪಿಂಗ್ ಕ್ರೀಮ್ ಬಿಸಿಲಿಗೆ ಹೆಚ್ಚು ತಾಳುತ್ತದೆ. ಅದು ಗಡ್ಡೆ ಕಟ್ಟಿದ ಸ್ಥಿತಿಯಲ್ಲಿ ಸಿಗುತ್ತದೆ. ಫ್ರಿಜ್‌ನಲ್ಲಿ ರಾತ್ರಿಯಿಡೀ ಕರಗಿಸಿ, ಇನ್ನೂ ತಣ್ಣಗಿರುವಾಗಲೇ ಕಡೆಯಬೇಕು. ಅದರಲ್ಲಿ ಸಕ್ಕರೆ ಮೊದಲೇ ಇದೆ, ಇದು ಮುಂದೆ ಮುಖ್ಯವಾಗುತ್ತದೆ. ಬ್ರಿಟನ್‌ನಲ್ಲಿರುವವರಿಗೆ ಒಂದು ಮಾತು: ಅಲ್ಲಿನ ಡಬಲ್ ಕ್ರೀಮ್‌ನಲ್ಲಿ ಶೇ. 48ರಷ್ಟು ಕೊಬ್ಬು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬೆಣ್ಣೆಯಾಗುತ್ತದೆ. ಕೈ ವಿಸ್ಕ್‌ನಲ್ಲೇ ಕಡೆಯಿರಿ. ಆಸ್ಟ್ರೇಲಿಯಾದ ಥಿಕನ್ಡ್ ಕ್ರೀಮ್ ಚೆನ್ನಾಗಿ ನೊರೆ ಬರುತ್ತದೆ, ಆದರೆ ಕೆಲವದರಲ್ಲಿ ಜೆಲಟಿನ್ ಇರುವುದರಿಂದ ಸಸ್ಯಾಹಾರಿಗಳು ಲೇಬಲ್ ಓದಿ ಕೊಳ್ಳಬೇಕು.

ಬಾಯಲ್ಲಿ ಕಾಳು ಕಾಳು

‘ನುಣ್ಣಗಿಲ್ಲ, ಕಾಳು ಸಿಗುತ್ತಿದೆ’ ಎಂಬ ದೂರು ಅತಿ ಹೆಚ್ಚು, ಮತ್ತು ಅತಿ ಹೆಚ್ಚು ತಪ್ಪು ಪರಿಹಾರ ಸಿಗುವುದೂ ಇದಕ್ಕೇ. ಕಾರಣ ಸರಳ: ಕಾಳು ನಾಲ್ಕು ಬಗೆ, ನಾಲ್ಕೂ ಬೇರೆ ಬೇರೆ ತಪ್ಪಿನಿಂದ ಹುಟ್ಟಿದ್ದು. ಒಂದು ಚಮಚ ಹೂರಣವನ್ನು ನಾಲಗೆಯ ಮೇಲಿಟ್ಟು, ಅಗಿಯದೆ, ಹತ್ತು ಎಣಿಸಿ.

ಮೊದಲು ಚುಚ್ಚಿ, ಮೂರು ಎಣಿಸುವಷ್ಟರಲ್ಲಿ ತಣ್ಣನೆ ನೀರಾಗಿ ಮಾಯವಾದರೆ ಅದು ಐಸ್ ಹರಳು. ನೀರು ಹೆಚ್ಚಾಗಿತ್ತು, ಇಲ್ಲವೇ ನಿಧಾನವಾಗಿ ಹೆಪ್ಪುಗಟ್ಟಿತು, ಇಲ್ಲವೇ ನಡುವೆ ಕರಗಿ ಮತ್ತೆ ಗಟ್ಟಿಯಾಗಿದೆ. ತೊಳೆದ ನಿಂಬೆಯನ್ನು ಒರೆಸದೆ ತುರಿದಿರಾ, ಕೆನೆಯ ಪಾತ್ರೆಗೆ ಹೊರಗಿನ ಐಸ್ ನೀರು ಚಿಮ್ಮಿತಾ, ರಾತ್ರಿ ಕರೆಂಟ್ ಹೋಗಿತ್ತಾ ಎಂದು ನೋಡಿ.

ಹತ್ತು ಎಣಿಸಿದರೂ ಕರಗದೆ, ಹಲ್ಲಿಗೆ ಸಿಕ್ಕಾಗ ನುಣ್ಣನೆ ಮರಳಿನ ಹಾಗೆ ಕರಕರ ಎಂದರೆ ಅದು ಲ್ಯಾಕ್ಟೋಸ್, ಹಾಲಿನ ಸಕ್ಕರೆಯ ಹರಳು. ಲ್ಯಾಕ್ಟೋಸ್ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದಲ್ಲ. ಹಳೆಯ ಕಂಡೆನ್ಸ್ಡ್ ಹಾಲಿನ ಡಬ್ಬಿಯ ತಳದಲ್ಲಿ ಅದು ಹರಳಾಗಿ ಕೂತಿರುತ್ತದೆ. ಚಮಚದಿಂದ ಕೆರೆದು ಹಾಕಿದರೆ ಪೈಗೆ ಬರುತ್ತದೆ. ಡಬ್ಬಿ ತೆರೆದ ಕೂಡಲೇ ತಳಕ್ಕೆ ಚಮಚ ಇಳಿಸಿ ಬೆರಳುಗಳ ನಡುವೆ ಉಜ್ಜಿ ನೋಡಿ. ತರಿ ಸಿಕ್ಕರೆ ತಳ ಬಿಟ್ಟು ಮೇಲಿನದಷ್ಟೇ ಬಳಸಿ. ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿ ಉಳಿದ ಪೈಯಲ್ಲೂ ಇದೇ ಮರಳು ತಾನಾಗಿ ಹುಟ್ಟುತ್ತದೆ. ಹೀಗಾಗಿ ಎರಡು ವಾರದೊಳಗೆ ಮುಗಿಸುವುದು ಒಳ್ಳೆಯದು.

ಮೆತ್ತಗೆ, ಒತ್ತಿದರೆ ಪನೀರಿನ ಪುಡಿಯ ಹಾಗೆ ಜಾರಿದರೆ ಪ್ರೋಟೀನ್ ಒಡೆದಿದೆ. ನಿಂಬೆರಸವನ್ನು ನೇರವಾಗಿ ಕೆನೆಗೆ ಹಿಂಡಿದಾಗ, ಇಲ್ಲವೇ ಕಂಡೆನ್ಸ್ಡ್ ಹಾಲು ಬಿಸಿ ಇರುವಾಗಲೇ ರಸ ಹಾಕಿದಾಗ ಹೀಗಾಗುತ್ತದೆ. ಮನೆಯಲ್ಲಿ ಮಾಡಿದ ಕಂಡೆನ್ಸ್ಡ್ ಹಾಲು ಪೂರ್ತಿ ಆರಿರಲೇಬೇಕು. ರಸ ಯಾವಾಗಲೂ ಕಂಡೆನ್ಸ್ಡ್ ಹಾಲಿಗೆ ಮೊದಲು, ಕೆನೆ ಆಮೇಲೆ. ಈ ಸರದಿ ತಪ್ಪಿಸಬೇಡಿ. ಕೆನೆ ಸೇರಿಸುವ ಮುಂಚೆಯೇ ಒಡೆದದ್ದು ಕಂಡರೆ ಮಿಕ್ಸಿಯಲ್ಲಿ 20 ಸೆಕೆಂಡ್ ತಿರುಗಿಸಿ ಜಾಲರಿಯಲ್ಲಿ ಸೋಸಿದರೆ ಬಹುಪಾಲು ಸರಿಹೋಗುತ್ತದೆ.

ನಾಲ್ಕನೆಯದು ಕಾಳಿಗಿಂತ ಹೆಚ್ಚಾಗಿ ಜಿಡ್ಡು: ನುಂಗಿದ ಮೇಲೆ ಅಂಗುಳಕ್ಕೆ ಮೇಣದ ಪದರ ಅಂಟಿದಂತೆ. ಕೆನೆ ಅತಿಯಾಗಿ ಕಡೆದು ಬೆಣ್ಣೆಯ ಕಣಗಳಾಗಿವೆ. ಇದನ್ನು ಸರಿಪಡಿಸಲಾಗದು.

ಗಟ್ಟಿಯಾಗುತ್ತಲೇ ಇಲ್ಲ

ಇಲ್ಲಿ ಮೊದಲು ಅನುಮಾನಿಸಬೇಕಾದ್ದು ಫ್ರೀಜರನ್ನು. ಫ್ರೀಜರ್‌ನ ಬಾಗಿಲ ಮೇಲೆ ಅಥವಾ ಒಳಗೆ ಅಚ್ಚಾದ ನಕ್ಷತ್ರಗಳನ್ನು ನೋಡಿ: ಒಂದು ನಕ್ಷತ್ರ ಎಂದರೆ ಮೈನಸ್ 6 ಡಿಗ್ರಿ, ಎರಡಾದರೆ ಮೈನಸ್ 12, ಮೂರಾದರೆ ಮೈನಸ್ 18. ಫ್ರಿಜ್‌ನ ಹೊರಗೆ ಅಂಟಿಸಿದ ವಿದ್ಯುತ್ ಉಳಿತಾಯದ ನಕ್ಷತ್ರಗಳೇ ಬೇರೆ. ಅವಕ್ಕೂ ತಂಪಿಗೂ ಸಂಬಂಧವಿಲ್ಲ, ಈ ಗೊಂದಲ ಬಹಳ ಜನರಿಗಿದೆ. ಮೈನಸ್ 6ರ ಪೆಟ್ಟಿಗೆಯಲ್ಲಿ ನೀರು ಐಸ್ ಆಗುತ್ತದೆ, ಆದರೆ ಇಷ್ಟು ಸಕ್ಕರೆಯ ಹೂರಣ ಎಷ್ಟು ದಿನ ಇಟ್ಟರೂ ಬಿಗಿಯಾಗುವುದಿಲ್ಲ. ‘ಐಸ್ ಆಗುತ್ತಿದೆಯಲ್ಲ, ಫ್ರೀಜರ್ ಸರಿಯಾಗಿದೆ’ ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಥರ್ಮಾಮೀಟರ್ ಇಲ್ಲದೆ ಪರೀಕ್ಷಿಸುವ ಒಂದು ದಾರಿ ಇದೆ. 15 ಗ್ರಾಂ ಉಪ್ಪನ್ನು 85 ಗ್ರಾಂ ನೀರಿನಲ್ಲಿ ಪೂರ್ತಿ ಕರಗಿಸಿ, ಪ್ಲಾಸ್ಟಿಕ್ ಬಟ್ಟಲಲ್ಲಿ ಪೈ ಇಡುವ ಜಾಗದಲ್ಲೇ ರಾತ್ರಿಯಿಡೀ ಇಡಿ. ಈ ಉಪ್ಪುನೀರು ಐಸ್ ಕಟ್ಟಲು ಶುರುಮಾಡುವುದು ಮೈನಸ್ 11ರ ಸುಮಾರಿಗೆ. ಬೆಳಿಗ್ಗೆ ಚಮಚದಿಂದ ಕಲಕಿ. ಬರೀ ನೀರಾಗಿದ್ದರೆ ನಿಮ್ಮ ಫ್ರೀಜರ್ ಮೈನಸ್ 11ಕ್ಕೂ ಇಳಿದಿಲ್ಲ, ಪೈಗೆ ಅದು ಸಾಲದು. ಐಸ್ ತುಂಬಿದ ಮಂದ ಗಂಜಿಯಂತಾಗಿದ್ದರೆ ತಂಪು ಸಾಕಷ್ಟಿದೆ, ತಪ್ಪು ಬೇರೆ ಕಡೆ ಹುಡುಕಿ.

ತಂಪು ಸಾಲದಿದ್ದರೆ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿ ಒಂದು ದಿನ ಮುಂಚೆಯೇ ಬಿಡಿ. ಒಂದೇ ಬಾಗಿಲ ಫ್ರಿಜ್ ಆದರೆ ಗೋಡೆಯ ಹಿಮ ಕರಗಿಸಿ ಒರೆಸಿ; ಬೆರಳು ದಪ್ಪದ ಹಿಮ ಕಂಬಳಿಯ ಹಾಗೆ ತಂಪನ್ನು ತಡೆಯುತ್ತದೆ. ತಟ್ಟೆಯನ್ನು ಬಟಾಣಿ ಪೊಟ್ಟಣಗಳ ಮೇಲೆ ಇಡದೆ ಫ್ರೀಜರ್‌ನ ಲೋಹದ ತಳಕ್ಕೇ ತಾಗುವಂತೆ ಕೂರಿಸಿ.

ಫ್ರೀಜರ್ ಸರಿಯಿದ್ದೂ ಪೈ ಮೆತ್ತಗಿದೆ ಎಂದರೆ ಸಕ್ಕರೆಯ ಲೆಕ್ಕ ಹಾಕಿ. ಮೇಲಿನ ಅಳತೆಯಲ್ಲಿ ಹೂರಣದ ಒಟ್ಟು ತೂಕ 750 ಗ್ರಾಂ ಆಸುಪಾಸು, ಅದರಲ್ಲಿ ಸೇರಿಸಿದ ಸಕ್ಕರೆ ಸುಮಾರು 180 ಗ್ರಾಂ, ಅಂದರೆ ಶೇ. 24. ಚಾಕು ಇಳಿಯುವಷ್ಟು ಮೆದುವಾಗಿ, ತಟ್ಟೆಯಲ್ಲಿ ನಿಲ್ಲುವಷ್ಟು ಬಿಗಿಯಾಗಿ ಇರಲು ಅದು ಸರಿಯಾದ ಜಾಗ. ಕೆನೆಗೆ 100 ಗ್ರಾಂ ಪುಡಿಸಕ್ಕರೆ ಸೇರಿಸಿದರೆ ಅದು ಶೇ. 33 ತಲುಪುತ್ತದೆ, ಪೈ ಹರಿಯುತ್ತದೆ. ಸಿಹಿ ಇರುವ ಬೇಕರಿ ಕ್ರೀಮ್ ಬಳಸಿ ಮೇಲೆ ಸಕ್ಕರೆಯನ್ನೂ ಹಾಕುವುದು ಈ ದೋಷಕ್ಕೆ ನೇರ ದಾರಿ. ಬಾಟಲಿಯ ಲೆಮನ್ ಸ್ಕ್ವಾಷ್ ಕೂಡ ಸಕ್ಕರೆ ಪಾಕವೇ, ಅದನ್ನು ರಸದ ಜಾಗಕ್ಕೆ ಹಾಕಬೇಡಿ.

ಕಲ್ಲಾಗಿದೆ

ನೊರೆ ಒಡೆದುಹೋಗಿದ್ದರೆ ಗಾಳಿಯಿಲ್ಲದ ಹೂರಣ ಗಡ್ಡೆಯಾಗುತ್ತದೆ. ಕೆನೆ ಸೇರಿಸುವಾಗ ಬೀಟರ್ ಓಡಿಸಿದರೆ ಇದೇ ಗತಿ. ಮೊದಲ ಮೂರನೇ ಒಂದು ಭಾಗ ಕೆನೆಯನ್ನು ಧೈರ್ಯವಾಗಿ ಕಲಸಿ ಹೂರಣ ಸಡಿಲ ಮಾಡಿ, ಉಳಿದೆರಡು ಭಾಗವನ್ನು ತಳದಿಂದ ಮೇಲಕ್ಕೆ ಮಗುಚುತ್ತ ಸೇರಿಸಿ. ಕೊಬ್ಬು ಕಡಿಮೆಯಿರುವ ಕೆನೆ, ಕೆನೆಯ ಬದಲು ತೆಳು ಮೊಸರು ಹಾಕಿದ್ದರೂ ಕಲ್ಲಾಗುತ್ತದೆ. ಮೊಸರೇ ಬೇಕೆಂದರೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿಳಿಸಿ, ಕೆನೆಯ ಅರ್ಧ ಭಾಗಕ್ಕೆ ಮಾತ್ರ ಬದಲಾಗಿ ಹಾಕಿ.

ಎಷ್ಟೋ ಸಲ ಪೈಯಲ್ಲಿ ತಪ್ಪೇ ಇರುವುದಿಲ್ಲ, ತೆಗೆದ ಕೂಡಲೇ ಕತ್ತರಿಸಿದ್ದೇ ತಪ್ಪು. ಮೈನಸ್ 18ರಲ್ಲಿ ಇದು ಗಟ್ಟಿಯೇ ಇರುತ್ತದೆ. ಬೆಂಗಳೂರಿನ ಹವೆಗೆ ಮೇಜಿನ ಮೇಲೆ 8ರಿಂದ 10 ನಿಮಿಷ ಸಾಕು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಮೇಜಿನ ಮೇಲೆ ಇಡಲೇಬೇಡಿ: ಹೊರಗೆ ಕರಗಿ ಒಳಗೆ ಕಲ್ಲಾಗಿರುತ್ತದೆ. ಫ್ರಿಜ್‌ನ ಕೆಳಗಿನ ಭಾಗದಲ್ಲಿ 20ರಿಂದ 25 ನಿಮಿಷ ಇಟ್ಟರೆ ಅಂಚು ಮತ್ತು ನಡು ಸಮನಾಗಿ ಮೆದುವಾಗುತ್ತದೆ.

ಕಹಿ ಮತ್ತು ಇತರ ರುಚಿಯ ದೋಷ

ಕಹಿ ಯಾವಾಗ ಬಂತು ಎಂಬುದೇ ಸುಳಿವು. ಕಲಸಿದ ಕೂಡಲೇ ಕಹಿಯಿದ್ದರೆ ಸಿಪ್ಪೆ ತುರಿಯುವಾಗ ಬಿಳಿ ಭಾಗವೂ ಬಂದಿದೆ. ನಮ್ಮ ನಿಂಬೆಯ ಸಿಪ್ಪೆ ಕಾಗದದಷ್ಟು ತೆಳು. ಒಂದೇ ಜಾಗದಲ್ಲಿ ಎರಡನೇ ಸಲ ತುರಿಮಣೆ ಎಳೆದರೆ ಬಿಳಿ ಬಂದೇ ಬರುತ್ತದೆ. ಬಣ್ಣ ಹೋದ ಕೂಡಲೇ ಹಣ್ಣು ತಿರುಗಿಸಿ. ತುರಿಯುವುದು ಮೊದಲು, ಹಿಂಡುವುದು ಆಮೇಲೆ.

ಕಲಸಿದಾಗ ಸರಿಯಿದ್ದು ಮಾರನೇ ದಿನ ಕಹಿಯಾದರೆ ಕಾರಣ ಲಿಮೊನಿನ್ ಎಂಬ ಕಹಿ ವಸ್ತು. ಹಣ್ಣಿನೊಳಗೆ ಅದು ಕಹಿಯಿಲ್ಲದ ರೂಪದಲ್ಲಿರುತ್ತದೆ. ಹಿಂಡಿದ ರಸದ ಹುಳಿಯಲ್ಲಿ ಗಂಟೆಗಳು ಕಳೆದಂತೆ ಕಹಿ ಲಿಮೊನಿನ್ ಆಗುತ್ತದೆ. ಬೀಜ ಜಜ್ಜಿದರೆ, ಹಿಂಡುವ ಇಕ್ಕಳದಲ್ಲಿ ಸಿಪ್ಪೆಯನ್ನು ಬತ್ತುವವರೆಗೂ ಅದುಮಿದರೆ ಅದು ರಸಕ್ಕೆ ಹೆಚ್ಚು ಇಳಿಯುತ್ತದೆ. ಹಣ್ಣನ್ನು ಅಂಗೈಯಲ್ಲಿ ಒತ್ತಿ ಉರುಳಿಸಿ, ಬೀಜ ತೆಗೆದು, ಮೆಲ್ಲಗೆ ಹಿಂಡಿ, ಸೋಸಿ, ಅದೇ ಗಂಟೆಯಲ್ಲಿ ಬಳಸಿ. ಹಿಂದಿನ ರಾತ್ರಿ ಹಿಂಡಿಟ್ಟ ರಸ ಬೇಡ.

ಲೋಹದ ರುಚಿ ಅಥವಾ ಬೂದು ಛಾಯೆ ಬಂದಿದ್ದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿದ್ದೀರಿ. ಗಾಜು ಅಥವಾ ಸ್ಟೀಲ್ ಮಾತ್ರ. ಅಲ್ಯೂಮಿನಿಯಂ ಕೇಕ್ ಟಿನ್ನಿನಲ್ಲೇ ಜೋಡಿಸುವುದಾದರೆ ಬೆಣ್ಣೆ ಕಾಗದ ಹಾಸಿ. ಮೀನು, ಇಂಗು, ಹಲಸಿನ ವಾಸನೆ ಬಂದರೆ ಮುಚ್ಚಳದ ತಪ್ಪು. ಹಾಲಿನ ಕೊಬ್ಬು ಪಕ್ಕದ ವಾಸನೆಯನ್ನು ಹೀರುತ್ತದೆ. ಪೈ ಎರಡು ಗಂಟೆಯಲ್ಲಿ ಮೇಲೆ ಬಿಗಿಯಾದ ಕೂಡಲೇ ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ತಾಗುವಂತೆ ಹೊದಿಸಿ, ಅದರ ಮೇಲೆ ಗಾಳಿಯಾಡದ ಡಬ್ಬಿ.

ಸಪ್ಪೆ ಎನಿಸಿದರೆ ತಂಪಿನ ಗುಣ ನೆನಪಿಡಿ: ತಣ್ಣಗಿರುವಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಪರಿಮಳವೂ ಏಳುವುದಿಲ್ಲ. ಕಲಸುವಾಗ ತುಸು ಜೋರು ಎನಿಸುವ ಹೂರಣವೇ ಫ್ರೀಜರ್‌ನಿಂದ ಬಂದ ಮೇಲೆ ಸರಿಯಾಗಿರುತ್ತದೆ. ರಸ ಹೆಚ್ಚಿಸಿದರೆ ಹುಳಿ ಬರುತ್ತದೆಯೇ ಹೊರತು ಘಮ ಬರುವುದಿಲ್ಲ. ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ.

ಬುಡ

ಪುಡಿಯುದುರುವ ಬುಡಕ್ಕೂ ಕಲ್ಲಿನಂಥ ಬುಡಕ್ಕೂ ಪರೀಕ್ಷೆ ಒಂದೇ, ರವೆ ಉಂಡೆ ಕಟ್ಟುವವರಿಗೆ ಗೊತ್ತಿರುವಂಥದ್ದು. ಬೆಣ್ಣೆ ಕಲಸಿದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಹಿಡಿದಾಗಲೇ ಉದುರಿದರೆ ಒಂದೊಂದೇ ಚಮಚ ಬೆಣ್ಣೆ ಸೇರಿಸಿ. ತಟ್ಟಿದರೂ ಒಡೆಯದೆ ಅಂಗೈ ಜಿಡ್ಡಾದರೆ ಬೆಣ್ಣೆ ಹೆಚ್ಚಾಗಿದೆ, ಅದೇ ಫ್ರೀಜರ್‌ನಲ್ಲಿ ಕಲ್ಲಾಗುವುದು; ಎರಡು ಬಿಸ್ಕತ್ತು ಪುಡಿಮಾಡಿ ಸೇರಿಸಿ. ಪುಡಿ ಸಣ್ಣ ರವೆಯಷ್ಟಿರಲಿ, ದೊಡ್ಡ ತುಂಡು ಉಳಿದರೆ ಅಲ್ಲೇ ಬಿರುಕು. ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿ, ಆದರೆ ಕುಟ್ಟಬೇಡಿ.

ಮೆತ್ತಗಾದ ಬುಡ ಎಂದರೆ 20 ನಿಮಿಷದ ತಣಿಸುವಿಕೆ ಬಿಟ್ಟುಹೋಗಿದೆ. ಬೆಣ್ಣೆ ಹೆಪ್ಪಾಗುವ ಮುಂಚೆಯೇ ಹೂರಣ ಬಿದ್ದು ಬಿಸ್ಕತ್ತು ನೀರು ಕುಡಿದಿದೆ.

ತಟ್ಟೆಗೆ ಅಂಟಿದ ಬುಡ ಬಿಡಿಸಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ಟೀಲ್ ತಟ್ಟೆಯ ತಳಕ್ಕೆ ಅರ್ಧ ನಿಮಿಷ ಒತ್ತಿ. ಗಾಜಿನ ತಟ್ಟೆಗೆ ಇದನ್ನು ಮಾಡಲೇಬೇಡಿ. ಫ್ರೀಜರ್‌ನಿಂದ ಬಂದ ಗಾಜಿಗೆ ಬಿಸಿ ತಾಗಿದರೆ ಸಿಡಿಯುತ್ತದೆ, ಓವನ್‌ಗೆ ಆಗುವ ಗಾಜೂ ಇದಕ್ಕೆ ಹೊರತಲ್ಲ. ಗಾಜಾದರೆ ಫ್ರಿಜ್‌ನಲ್ಲಿ ಕಾಯುವುದೊಂದೇ ದಾರಿ. ಹೋಳು ಮಾಡಲು ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒಣಗಿಸಿ ಒರೆಸಿ, ಒಂದೇ ಎಳೆತಕ್ಕೆ ಇಳಿಸಿ, ಪ್ರತಿ ಸಲವೂ ಮತ್ತೆ ಒರೆಸಿ.

ಕರೆಂಟ್ ಹೋಗಿ ಕರಗಿದ ಪೈ

ಕರೆಂಟ್ ಹೋದಾಗ ಮೊದಲ ಕೆಲಸ ಬಾಗಿಲು ತೆರೆಯದಿರುವುದು. ವಾಪಸು ಬಂದಾಗ ಪೈಯ ನಡುವೆ ಚಾಕುವಿನ ತುದಿ ಇಳಿಸಿ. ಇನ್ನೂ ಐಸ್ ಹರಳು ತಡೆದರೆ ಮತ್ತೆ ಗಟ್ಟಿ ಮಾಡಬಹುದು. ತಿನ್ನಲು ಅಡ್ಡಿಯಿಲ್ಲ, ಆದರೆ ಹರಳು ದೊಡ್ಡದಾಗಿ ನುಣುಪು ಹೋಗುತ್ತದೆ. ಅದನ್ನು ಹಾಗೆಯೇ ಬಡಿಸುವ ಬದಲು ಬುಡದ ಸಮೇತ ಪುಡಿಮಾಡಿ ಬಟ್ಟಲಿಗೆ ಹಾಕಿದರೆ ಚೆನ್ನಾಗಿರುತ್ತದೆ.

ಪೂರ್ತಿ ಕರಗಿ ಹೊರಗಿನ ಬಿಸಿಗೆ ಬಂದಿದ್ದರೆ ಲೆಕ್ಕ ಬೇರೆ. ಹಾಲಿನ ತಿನಿಸು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹವೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ನಿಂಬೆಯ ಹುಳಿಯಿದೆ, ಕೆಡುವುದಿಲ್ಲ ಎಂದು ನಂಬಿ ಮಕ್ಕಳಿಗೆ ಕೊಡಬೇಡಿ. ಹಳೆಯ ಅಮೆರಿಕನ್ ಪಾಕಗಳಲ್ಲಿ ಹಸಿ ಮೊಟ್ಟೆಯ ಹಳದಿ ಇರುತ್ತದೆ. ಅಂಥ ಪೈ ಕರಗಿದ್ದರೆ ಒಂದು ಗಂಟೆಯ ರಿಯಾಯಿತಿಯನ್ನೂ ಕೊಡಬೇಡಿ. ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ಫ್ರೀಜರ್‌ನಲ್ಲಿ ಸಾಯುವುದಿಲ್ಲ, ಸುಮ್ಮನೆ ಕಾದಿರುತ್ತದೆ.